‘ವಾರಿಯರ್ ವಿದಿನ್’ ನಿಜಕ್ಕೂ ಅಷ್ಟು ಕೆಟ್ಟ ಆಟವೇ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪಿಯು ಕಾಲೇಜು ಉಪನ್ಯಾಸಕ. ಹಾಸನದಲ್ಲಿ ಓದುತ್ತಿದ್ದಾಗ ಬಿ.ಎಂ. ರಸ್ತೆಯ ಸೈಬರ್ ಸೆಂಟರ್‌ನಲ್ಲಿ ಕೂತು ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಮುಗಿಸಿದ್ದೆ. ಇವತ್ತಿಗೂ ಅದಕ್ಕಿಂತ ಇಷ್ಟವಾದ ಆಟ ನನಗೆ ಇನ್ನೊಂದಿಲ್ಲ. ಆಮೇಲೆ ಅದರ ಮುಂದಿನ ಭಾಗ ‘ವಾರಿಯರ್ ವಿದಿನ್’ ಬಂತು. ಶುರು ಮಾಡಿದೆ, ಆದರೆ ಆ ಕಪ್ಪು ದೈತ್ಯ ಅಟ್ಟಿಸಿಕೊಂಡು ಬರುವಲ್ಲಿಗೆ ಬಿಟ್ಟುಬಿಟ್ಟೆ. ರಾಜಕುಮಾರನ ಹೆಸರಲ್ಲಿ ಬೇರೆ ಯಾರೋ ಕಿರುಚಾಡುತ್ತಿದ್ದ ಹಾಗಿತ್ತು. ಈಗ ಒಂಬತ್ತನೇ ಕ್ಲಾಸಿನ ಮಗಳು ದಸರಾ ರಜೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಮೊದಲನೆಯದನ್ನು ಮುಗಿಸಿ, ‘ಮುಂದಿನದು ಕೊಡಿಸಪ್ಪ’ ಅಂತ ಹಟ ಹಿಡಿದಿದ್ದಾಳೆ. ನನ್ನ ತಮ್ಮ ಮಾತ್ರ ‘ಮೂರರಲ್ಲಿ ಅದೇ ಬೆಸ್ಟು, ನಿನಗೆ ಗೊತ್ತಾಗಲ್ಲ ಬಿಡು ಅಣ್ಣ’ ಅನ್ನುತ್ತಾನೆ. ಆ ಆಟಕ್ಕೆ ಬಂದಿರುವ ಕೆಟ್ಟ ಹೆಸರು ನ್ಯಾಯವಾದದ್ದೇ? ಅದನ್ನು ಬಿಟ್ಟು ನೇರ ಮೂರನೆಯದಾದ ‘ದಿ ಟೂ ಥ್ರೋನ್ಸ್’ಗೆ ಹೋದರೆ ನಷ್ಟವೇನು? ಮಗಳಿಗೆ ಕೊಡಬಹುದೇ? — ಒಬ್ಬ ಓದುಗರು, ಚಿಕ್ಕಮಗಳೂರು

ಉತ್ತರ:

ಸರ್, ನಿಮ್ಮದು ಮೂರು ಪ್ರಶ್ನೆ. ಅವುಗಳಲ್ಲಿ ಮಗಳ ವಿಷಯ ಸುಲಭ, ಮೊದಲು ಅದನ್ನು ಮುಗಿಸುತ್ತೇನೆ. ಈಗಲೇ ಬೇಡ. ‘ಸ್ಯಾಂಡ್ಸ್ ಆಫ್ ಟೈಮ್’ಗೆ ಅಮೆರಿಕದ ರೇಟಿಂಗ್ ಸಂಸ್ಥೆ ಕೊಟ್ಟದ್ದು ‘ಟೀನ್’, ಅಂದರೆ 13 ದಾಟಿದವರಿಗೆ. ‘ವಾರಿಯರ್ ವಿದಿನ್’ಗೆ ಸಿಕ್ಕಿದ್ದು ‘ಮೆಚೂರ್’, 17 ದಾಟಿದವರಿಗೆ. ಈ ರೇಟಿಂಗುಗಳನ್ನು ನಾನು ವೇದವಾಕ್ಯ ಎಂದುಕೊಂಡವನಲ್ಲ, ಆದರೆ ಇಲ್ಲಿ ಅದು ಸರಿಯಾಗಿಯೇ ಇದೆ. ತಲೆ ಹಾರುತ್ತದೆ, ಮೈ ಎರಡು ಹೋಳಾಗುತ್ತದೆ, ಅದನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ. ಹೆಂಗಸರ ಪಾತ್ರಗಳಿಗೆ ತೊಡಿಸಿರುವ ಬಟ್ಟೆ, ಅವರ ಮೇಲೆ ಕ್ಯಾಮೆರಾ ಓಡಾಡುವ ರೀತಿ ಅಪ್ಪ-ಮಗಳು ಒಟ್ಟಿಗೆ ಕೂತು ನೋಡುವಂಥದ್ದಲ್ಲ. ಮೊದಲ ಹತ್ತು ನಿಮಿಷದೊಳಗೇ ನೀವು ಲ್ಯಾಪ್‌ಟಾಪ್ ಮುಚ್ಚುತ್ತೀರಿ.

ಉಳಿದ ಎರಡಕ್ಕೆ ಸ್ವಲ್ಪ ಹೊತ್ತು ಬೇಕು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಆಟಗಳ ಟೆಸ್ಟಿಂಗ್ ಮತ್ತು ಲೆವೆಲ್ ಡಿಸೈನ್ (ಆಟದ ಹಂತಗಳನ್ನು ಕಟ್ಟುವ ಕೆಲಸ) ಮಾಡಿಕೊಂಡಿದ್ದು, ಈಗ ಹಾಸನದ ಮನೆಯಿಂದಲೇ ಅದೇ ಕೆಲಸ ಮಾಡುತ್ತಿರುವವನು ನಾನು. ಈ ಆಟ ನಮ್ಮ ಕಸುಬಿನವರ ನಡುವೆ ಆಗಾಗ ಜಗಳಕ್ಕೆ ಕಾರಣವಾಗುತ್ತದೆ. ಹಳೆಯ ಒಳ್ಳೆಯ ಆಟವೊಂದರ ಮುಂದುವರಿಕೆ ದಾರಿ ಬದಲಿಸಿ ಬೈಸಿಕೊಂಡದ್ದು ಇದೇ ಮೊದಲೇನಲ್ಲ. 1987ರ ‘ಜೆಲ್ಡಾ 2’ ಮೇಲಿನಿಂದ ನೋಡುವ ಆಟವನ್ನು ಪಕ್ಕದಿಂದ ನೋಡುವ ಆಟ ಮಾಡಿದ್ದಕ್ಕೆ ಇವತ್ತಿಗೂ ಜನ ಕಚ್ಚಾಡುತ್ತಾರೆ. ಆದರೆ ‘ವಾರಿಯರ್ ವಿದಿನ್’ ಬೈಸಿಕೊಂಡದ್ದು ಒಂದು ಕಾರಣಕ್ಕೆ, ಅದರ ನಿಜವಾದ ತಪ್ಪು ಇರುವುದು ಇನ್ನೊಂದು ಕಡೆ ಅನ್ನುವುದು ನನ್ನ ಅಭಿಪ್ರಾಯ. ಮುಂದೆ ಕಥೆಯ ಗುಟ್ಟುಗಳೆಲ್ಲ ಬರುತ್ತವೆ. ಮಗಳ ಕೈಗೆ ಈ ಉತ್ತರ ಸಿಗದಂತೆ ನೋಡಿಕೊಳ್ಳಿ.

ಮೊದಲು ಗಾಳಿಮಾತುಗಳು. ‘ಆಟ ನೆಲಕಚ್ಚಿತು’ ಎನ್ನುವುದು ಸುಳ್ಳು. ಚೆನ್ನಾಗಿಯೇ ಮಾರಾಟವಾಯಿತು. ವಿಮರ್ಶಕರೂ ಕೈಬಿಡಲಿಲ್ಲ. ಮೊದಲನೆಯದಕ್ಕೆ ನೂರಕ್ಕೆ 90ರ ಆಸುಪಾಸು ಅಂಕ ಕೊಟ್ಟವರು ಇದಕ್ಕೆ 80ರ ಆಸುಪಾಸು ಕೊಟ್ಟರು. ಬೇರೆ ಯಾವ ಆಟಕ್ಕಾದರೂ ಅದು ಗೌರವದ ಅಂಕವೇ.

‘ಮೂಲ ಸೃಷ್ಟಿಕರ್ತ ಜೋರ್ಡನ್ ಮೆಕ್ನರ್ ಸಿಟ್ಟಾಗಿ ಎದ್ದುಹೋದ’ ಎನ್ನುವುದು ಅರ್ಧ ಸುಳ್ಳು. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮೊದಲ ‘ಪ್ರಿನ್ಸ್ ಆಫ್ ಪರ್ಷಿಯಾ’ ಬರೆದವರು ಅವರೇ. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರ ತಿದ್ದಿ ರಾಜಕುಮಾರನಿಗೆ ನಡಿಗೆ ಕೊಟ್ಟವರು. 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಕಥೆಯೂ ಅವರದ್ದೇ. ಎರಡನೆಯ ಭಾಗದ ಕೆಲಸದಲ್ಲಿ ಅವರು ಇರಲಿಲ್ಲ, ಅಷ್ಟೇ. ಅದರ ಧಾಟಿ, ಹಿಂಸೆ ತನ್ನ ರುಚಿಗೆ ಒಗ್ಗಲಿಲ್ಲ ಎಂದು ಆಮೇಲೆ ಬಹಿರಂಗವಾಗಿಯೇ ಹೇಳಿದರು. ಆ ಮಾತು ಆಟದ ಹಣೆಗೆ ಅಂಟಿಕೊಂಡಿತು.

‘ಬರೀ ಹೊಡೆದಾಟ, ಗೋಡೆ ಮೇಲಿನ ಓಟವೇ ಇಲ್ಲ’ ಎನ್ನುವುದಂತೂ ಶುದ್ಧ ಸುಳ್ಳು. ಗೋಡೆ, ಕಂಬ, ಹಗ್ಗ, ಮುಳ್ಳಿನ ಬಲೆ ಎಲ್ಲ ಮೊದಲನೆಯದಕ್ಕಿಂತ ಹೆಚ್ಚೇ ಇವೆ. ಈ ಮಾತು ನಮ್ಮ ಕಡೆ ಜಾಸ್ತಿ ಹಬ್ಬಿದ್ದಕ್ಕೆ ನನಗೊಂದು ಅನುಮಾನ ಇದೆ. ಆಗ ಹಾಸನ, ಚಿಕ್ಕಮಗಳೂರು, ಅರಸೀಕೆರೆಯಲ್ಲೆಲ್ಲ ಕೈಯಿಂದ ಕೈಗೆ ಓಡಾಡುತ್ತಿದ್ದದ್ದು ಕಳ್ಳ ಸಿಡಿಗಳು. ಅದರಲ್ಲೂ ‘ರಿಪ್’ ಅನ್ನುತ್ತಿದ್ದ ಸಿಡಿಗಳು. ಇಡೀ ಆಟ ಒಂದೇ ಸಿಡಿಗೆ ತುರುಕಬೇಕಲ್ಲ, ಅದಕ್ಕೆ ಕಥೆಯ ವಿಡಿಯೋಗಳನ್ನು, ಕೆಲವೊಮ್ಮೆ ಹಾಡನ್ನೂ ಕಿತ್ತು ಹಾಕುತ್ತಿದ್ದರು. ಹಾಗೆ ಆಡಿದವನಿಗೆ ಒಂದು ಹೊಡೆದಾಟ ಮುಗಿದ ತಕ್ಷಣ ಇನ್ನೊಂದು ಕೋಣೆ, ಮಧ್ಯೆ ಏನಾಯಿತು ಅಂತಲೇ ಗೊತ್ತಿಲ್ಲ. ನೀವು ಆಡಿದ್ದು ಅಂಥದ್ದೇ ಆಗಿದ್ದರೆ, ನೀವು ಆಟದ ಅರ್ಧವನ್ನು ನೋಡಿಯೇ ಇಲ್ಲ.

ಈಗ ನಿಜವಾದ ದೂರುಗಳು. ರಾಜಕುಮಾರನ ಧ್ವನಿ ಬದಲಾಯಿತು: ಯೂರಿ ಲೋವೆಂತಾಲ್ ಹೋಗಿ ರಾಬಿನ್ ಆಟ್ಕಿನ್ ಡೌನ್ಸ್ ಬಂದರು. ಸ್ಟುವರ್ಟ್ ಚಾಟ್‌ವುಡ್ ಅವರ ಪೌರಸ್ತ್ಯ ಛಾಯೆಯ ಸಂಗೀತದ ಪಕ್ಕದಲ್ಲಿ ಗಾಡ್‌ಸ್ಮ್ಯಾಕ್ ತಂಡದ ಹೆವಿ ಮೆಟಲ್ ಗಿಟಾರ್ ಕಿರುಚತೊಡಗಿತು. ಬಿಸಿಲು ಬೀಳುತ್ತಿದ್ದ ಅರಮನೆ ಹೋಗಿ ತುಕ್ಕು ಬಣ್ಣದ ಕೋಟೆ ಬಂತು. ಇವೆಲ್ಲ ರುಚಿಯ ಪ್ರಶ್ನೆ. ನನಗೂ ಆ ಗಿಟಾರ್ ಇಷ್ಟವಿಲ್ಲ, ಆಡುವಾಗ ಸೆಟಿಂಗ್ಸಿಗೆ ಹೋಗಿ ಸಂಗೀತ ತಗ್ಗಿಸುತ್ತೇನೆ. ಆದರೆ ಇದಿಷ್ಟರಿಂದಲೇ ಆಟ ಕೆಟ್ಟದ್ದಾಗುವುದಿಲ್ಲ.

ಯಾಕೆ ಹೀಗೆ ಮಾಡಿದರು? ‘ಸ್ಯಾಂಡ್ಸ್ ಆಫ್ ಟೈಮ್’ 2003ರ ನವೆಂಬರಿನಲ್ಲಿ ಬಂತು. ಹೊಗಳಿಕೆ ಸಿಕ್ಕಷ್ಟು ದುಡ್ಡು ಶುರುವಿನಲ್ಲಿ ಸಿಗಲಿಲ್ಲ. ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ಓಡುತ್ತಿದ್ದದ್ದು ‘ಡೆವಿಲ್ ಮೇ ಕ್ರೈ’, ‘ಗ್ರ್ಯಾಂಡ್ ಥೆಫ್ಟ್ ಆಟೋ’ ಥರದವು. ಹರೆಯದ ಹುಡುಗರು ಕೊಳ್ಳಬೇಕೆಂದರೆ ರಾಜಕುಮಾರ ಮುಖ ಗಂಟಿಕ್ಕಿಕೊಳ್ಳಲೇಬೇಕು ಎಂದು ಆಟ ಹೊರತಂದ ಕಂಪನಿ ಯೂಬಿಸಾಫ್ಟ್‌ಗೆ ಅನ್ನಿಸಿರಬೇಕು. ಮೊದಲನೆಯದನ್ನು ಮುನ್ನಡೆಸಿದ ಪ್ಯಾಟ್ರಿಸ್ ಡೆಸಿಲೆ ಇನ್ನೊಂದು ಯೋಜನೆಗೆ ಹೋದರು. ಪ್ರಿನ್ಸ್ ಆಫ್ ಪರ್ಷಿಯಾದ ಹೊಸ ಭಾಗ ಅಂತಲೇ ಶುರುವಾದ ಅದು ಬೆಳೆದು ಬೆಳೆದು 2007ರಲ್ಲಿ ‘ಅಸಾಸಿನ್ಸ್ ಕ್ರೀಡ್’ ಆಗಿ ಹೊರಬಂತು. ‘ವಾರಿಯರ್ ವಿದಿನ್’ ಅಂಗಡಿಗೆ ಬಂದದ್ದು 2004ರ ನವೆಂಬರ್ 30ಕ್ಕೆ. ನಡುವೆ ಸಿಕ್ಕಿದ್ದು ಹೆಚ್ಚುಕಮ್ಮಿ ಒಂದು ವರ್ಷ.

ಒಂದು ವರ್ಷ ಅಂದರೆ ಏನು ಅಂತ ಟೆಸ್ಟಿಂಗ್ ಮಾಡಿದವರಿಗೆ ಗೊತ್ತು. ಕೊನೆಯ ಮೂರು ತಿಂಗಳು ದೋಷಗಳ, ಅಂದರೆ ಬಗ್‌ಗಳ ಪಟ್ಟಿ ಉದ್ದವಾಗುತ್ತಲೇ ಹೋಗುತ್ತದೆ. ‘ಆಟ ನಿಂತುಬಿಡುತ್ತದೆ’ ಅನ್ನುವಂಥವನ್ನು ಮೊದಲು ಸರಿಮಾಡುತ್ತಾರೆ. ‘ಶಬ್ದ ಕೇಳಲ್ಲ’, ‘ಆಟಗಾರ ಹಿಂದೆ ಹೋದರೆ ಸಿಕ್ಕಿಹಾಕಿಕೊಳ್ಳುತ್ತಾನೆ’ ಅನ್ನುವಂಥವು ‘ಆಮೇಲೆ ನೋಡೋಣ’ ಎಂಬ ಕಡೆಗೆ ಜಾರುತ್ತವೆ. ‘ವಾರಿಯರ್ ವಿದಿನ್’ನಲ್ಲಿ ಈ ಗುರುತುಗಳು ಕಣ್ಣಿಗೆ ಕಾಣುತ್ತವೆ. ಹೆಚ್ಚುಕಮ್ಮಿ ಇಡೀ ಆಟ ಒಂದೇ ದ್ವೀಪ. ಅದೇ ಕೋಟೆಯ ಅದೇ ಹಾದಿಗಳಲ್ಲಿ ಭೂತಕಾಲಕ್ಕೂ ವರ್ತಮಾನಕ್ಕೂ ಓಡಾಡುತ್ತಾ ತಿರುತಿರುಗಿ ಹೋಗಬೇಕು. ಕಡಿಮೆ ಸಮಯದಲ್ಲಿ ಕಡಿಮೆ ಕೋಣೆ ಕಟ್ಟಿ ಎರಡೆರಡು ಸಲ ಬಳಸಿಕೊಳ್ಳುವ ಜಾಣತನ ಅದು. ತಪ್ಪೇನಿಲ್ಲ, ಆದರೆ ಮ್ಯಾಪ್ ಎಷ್ಟು ಗೊಂದಲ ಅಂದರೆ, ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ಆಟ ಬಿಟ್ಟವರು ರಕ್ತ ನೋಡಿ ಬಿಟ್ಟವರಿಗಿಂತ ಜಾಸ್ತಿ ಅನ್ನುತ್ತೇನೆ ನಾನು.

ಹಾಗಾದರೆ ಒಳ್ಳೆಯದೇನು? ಹೊಡೆದಾಟದಿಂದ ಶುರು ಮಾಡುತ್ತೇನೆ. ನಿಮಗೆ ನೋವಾದರೂ ಪರವಾಗಿಲ್ಲ, ‘ಸ್ಯಾಂಡ್ಸ್ ಆಫ್ ಟೈಮ್’ನ ಹೊಡೆದಾಟ ಬೇಸರದ್ದು. ಶತ್ರುವಿನ ತಲೆ ಮೇಲೆ ಹಾರು, ಹಿಂದಿನಿಂದ ಕಡಿ, ಬಾಕು ಚುಚ್ಚಿ ಮರಳು ಹೀರು. ಅಷ್ಟರಲ್ಲಿ ಇನ್ನೂ ನಾಲ್ವರು ಗಾಳಿಯಿಂದ ಉದುರುತ್ತಾರೆ, ಮತ್ತೆ ಅದೇ. ಮಗಳನ್ನು ಕೇಳಿ, ಅವಳೂ ಇದನ್ನೇ ಹೇಳುತ್ತಾಳೆ. ಎರಡನೆಯದರಲ್ಲಿ ಎಡಗೈಗೂ ಆಯುಧ ಬಂತು. ಬಿದ್ದದ್ದನ್ನು ಎತ್ತಿಕೊಳ್ಳಬಹುದು, ಎಸೆಯಬಹುದು, ಹೊಡೆದಂತೆಲ್ಲ ಅದು ಸವೆದು ಮುರಿಯುತ್ತದೆ. ಕಂಬ ಹಿಡಿದು ಸುತ್ತುತ್ತಾ ಸುತ್ತಲಿನವರನ್ನೆಲ್ಲ ಕತ್ತರಿಸಬಹುದು. ಮೊದಲನೆಯದರಲ್ಲಿ ಗೋಡೆ, ಕಂಬ ಹೆಚ್ಚಾಗಿ ಓಡಾಟಕ್ಕೆ ಇದ್ದವು, ಇಲ್ಲಿ ಜಗಳಕ್ಕೂ ಚೆನ್ನಾಗಿ ಒದಗಿದವು. ನಿಮ್ಮ ತಮ್ಮ ‘ಬೆಸ್ಟು’ ಅನ್ನುವುದು ಬಹುಶಃ ಇದಕ್ಕೇ, ಆ ಮಟ್ಟಿಗೆ ಅವರು ಹೇಳುವುದು ಸರಿ.

ಇನ್ನು ನೀವು ಬಿಟ್ಟುಬಂದ ಆ ಕಪ್ಪು ದೈತ್ಯ, ದಹಾಕ. ಅವನು ಅಟ್ಟಿಸಿಕೊಂಡು ಬರುವ ಭಾಗಗಳನ್ನು ನಾನು ಹೊಸಬರಿಗೆ ಲೆವೆಲ್ ಡಿಸೈನ್ ಹೇಳಿಕೊಡುವಾಗ ಈಗಲೂ ತೋರಿಸುತ್ತೇನೆ. ಪರದೆಯ ಬಣ್ಣ ಬತ್ತಿಹೋಗುತ್ತದೆ, ಹಿಂದಿನಿಂದ ಕಪ್ಪು ಬಳ್ಳಿಗಳಂಥ ಕೈಗಳು ಚಾಚುತ್ತವೆ. ಅವನ ಮೇಲೆ ಕತ್ತಿ ನಡೆಯುವುದಿಲ್ಲ, ಓಡಬೇಕಷ್ಟೆ. ಹೆದರಿದ ಆಟಗಾರ ದಾರಿ ಹುಡುಕುವುದಿಲ್ಲ, ಕಣ್ಣಿಗೆ ಬಿದ್ದದ್ದಕ್ಕೆ ನೆಗೆಯುತ್ತಾನೆ. ಆದ್ದರಿಂದ ಮುಂದಿನ ಹೆಜ್ಜೆ ಇಡಲು ಬೇಕಾದ ಕಂಬವೋ ಚಾಚುಗಲ್ಲೋ ಅವನ ಕಣ್ಣು ಹೋಗುವ ಕಡೆಯೇ ಇರಬೇಕು, ಆ ನೆಗೆತವನ್ನು ಅವನು ಆಗಲೇ ಯಾವುದೋ ನಿಶ್ಶಬ್ದ ಕೋಣೆಯಲ್ಲಿ ಕಲಿತಿರಬೇಕು. ಇಲ್ಲಿ ಬಹುಪಾಲು ಹಾಗೇ ಇದೆ. ಕೊನೆಗೊಂದು ನೀರಿನ ಪರದೆ ಬರುತ್ತದೆ. ದಹಾಕನಿಗೆ ನೀರು ಆಗದು. ರಾಜಕುಮಾರ ಅದನ್ನು ದಾಟಿದ ಮೇಲೆ ಅವನು ಆಚೆಯೇ ನಿಂತು ಗುರುಗುಟ್ಟುತ್ತಾನೆ. ಹತ್ತಾರು ಸಲ ಸತ್ತರೂ ಸಿಟ್ಟು ಬಾರದಂತೆ ಕಟ್ಟುವುದು ಕಷ್ಟದ ಕೆಲಸ. ನೀವು ಸಿಟ್ಟಾಗಿ ಎದ್ದದ್ದು ಆ ದಿನದ ಸೈಬರ್ ಸೆಂಟರ್ ಕೀಬೋರ್ಡಿನಿಂದ ಇರಬಹುದು. ಎಷ್ಟೋ ಕಡೆ ಅವುಗಳ ಸ್ಪೇಸ್ ಬಾರ್ ಗಟ್ಟಿ ಒತ್ತದೆ ಕೆಲಸ ಮಾಡುತ್ತಿರಲಿಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ಕಥೆಯ ಕಟ್ಟು. ಮೊದಲ ಆಟದಲ್ಲಿ ಕಾಲವನ್ನೇ ತಿರುಗಿಸಬಲ್ಲ ಮಾಯೆಯ ಮರಳನ್ನು ಸೆರೆಯಿಂದ ಬಿಡಿಸಿದ ರಾಜಕುಮಾರ ಸಾಯಬೇಕಿತ್ತು, ಸಾಯಲಿಲ್ಲ. ಅದಕ್ಕೆ ಕಾಲದ ಕಾವಲುಗಾರ ದಹಾಕ ಬೆನ್ನು ಹತ್ತಿದ್ದಾನೆ. ಮರಳು ಹುಟ್ಟುವುದನ್ನೇ ತಡೆದುಬಿಟ್ಟರೆ ತಾನು ಬಿಡಿಸುವ ಪ್ರಶ್ನೆಯೇ ಬರುವುದಿಲ್ಲ ಎಂದು ರಾಜಕುಮಾರ ಕಾಲದ ದ್ವೀಪಕ್ಕೆ ಬರುತ್ತಾನೆ, ಭೂತಕಾಲಕ್ಕೆ ಹೋಗಿ ಸಾಮ್ರಾಜ್ಞಿ ಕೈಲೀನಾಳನ್ನು ಕೊಲ್ಲುತ್ತಾನೆ. ಅವಳ ಸಾವಿನಿಂದಲೇ ಮರಳು ಹುಟ್ಟುತ್ತದೆ. ತಪ್ಪಿಸಲು ಬಂದವನೇ ಕಾರಣನಾದ. ಹುಟ್ಟಿದ ಮಗುವನ್ನೆಲ್ಲ ಕೊಂದ ಕಂಸನ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಹೊಸದು ಇರುವುದು ಆಮೇಲೆ. ಆಟದ ಮೊದಲರ್ಧದಲ್ಲಿ ಒಂದು ಮರಳಿನ ಪ್ರೇತ ಅಲ್ಲಲ್ಲಿ ಇಣುಕಿ ಮಾಯವಾಗುತ್ತಿರುತ್ತದೆ. ಒಂದು ಕಡೆ ದಹಾಕ ನಿಮ್ಮನ್ನು ಬಿಟ್ಟು ಅದನ್ನು ಎಳೆದುಕೊಂಡು ಹೋಗುತ್ತಾನೆ. ‘ಸದ್ಯ ಬಚಾವಾದೆ’ ಎಂದು ಮುಂದೆ ಹೋಗುತ್ತೀರಿ. ಎಷ್ಟೋ ಹೊತ್ತಿನ ಮೇಲೆ ಒಂದು ಮುಖವಾಡ ತೊಟ್ಟು ಹಿಂದಿನ ಕಾಲಕ್ಕೆ ಮರಳಿದಾಗ ಆ ಪ್ರೇತ ನೀವೇ ಆಗಿರುತ್ತೀರಿ. ಅದೇ ಜಾಗ ಮತ್ತೆ ಬರುತ್ತದೆ. ಈ ಸಲ ದಹಾಕನ ಕೈಗೆ ಸಿಗುವುದು ಯಾರು ಎಂದು ನೀವೇ ತಿರುಗಿಸಬೇಕು, ಅಂದರೆ ನಿಮ್ಮದೇ ಹಳೆಯ ದೇಹವನ್ನು ಅವನ ಮುಂದೆ ಬಿಡಬೇಕು. 2004ರಲ್ಲಿ ಒಂದು ಆಕ್ಷನ್ ಆಟ ಇಷ್ಟು ಬಿಗಿಯಾಗಿ ಕಥೆ ಹೆಣೆದದ್ದನ್ನು ಬೈಯುವವರು ಹೇಳುವುದೇ ಇಲ್ಲ. ಬಹಳ ಜನ ಅಲ್ಲಿಯವರೆಗೆ ಆಡಿರುವುದಿಲ್ಲ, ಅದೂ ಒಂದು ಕಾರಣ.

ಇಷ್ಟೆಲ್ಲ ಇದ್ದೂ ನಿಮಗೆ ಅದು ‘ಬೇರೆ ಯಾರೋ’ ಅನ್ನಿಸಿತಲ್ಲ, ಅದು ನಿಜವಾದ ದೂರು. ಕಾರಣ ಸಿಟ್ಟಲ್ಲ. ಅವನು ಸಿಟ್ಟಾಗಲೇಬೇಕು. ಮೊದಲ ಆಟದ ಕೊನೆ ನೆನಪಿಸಿಕೊಳ್ಳಿ: ಕಾಲವನ್ನೇ ಹಿಂದಕ್ಕೆ ತಿರುಗಿಸಿ, ನಮ್ಮ ಭಾರತದ ಮಹಾರಾಜನ ಅರಮನೆಗೆ, ದಂಡಯಾತ್ರೆಗೂ ಮುಂಚಿನ ರಾತ್ರಿಗೆ ಬರುತ್ತಾನೆ. ಮಹಾರಾಜನ ಮಗಳು ಫರಾಗೆ ಇಡೀ ಕಥೆ ಹೇಳುತ್ತಾನೆ. ಅವಳಿಗೆ ಅದು ಕಟ್ಟುಕಥೆ. ಜೊತೆಯಲ್ಲಿ ಸಾವು-ಬದುಕು ಕಂಡವಳಿಗೆ ಇವನು ಯಾರೆಂದೇ ಗೊತ್ತಿಲ್ಲ. ಆಮೇಲೆ ವರ್ಷಗಟ್ಟಲೆ ನಿದ್ದೆಯಿಲ್ಲದೆ ಓಡಿದ ಮನುಷ್ಯ ಕ್ರೂರನಾಗುವುದರಲ್ಲಿ ಆಶ್ಚರ್ಯವೇನು?

ಕಳೆದುಹೋದದ್ದು ಕಥೆ ಹೇಳುವ ದನಿ. ‘ಸ್ಯಾಂಡ್ಸ್ ಆಫ್ ಟೈಮ್’ ಉದ್ದಕ್ಕೂ ರಾಜಕುಮಾರ ಕಥೆ ಹೇಳುತ್ತಿರುತ್ತಾನೆ. ನೀವು ಕಾಲುಜಾರಿ ಬಿದ್ದು ಸತ್ತರೆ ‘ಇಲ್ಲ ಇಲ್ಲ, ಹಾಗಾಗಲಿಲ್ಲ’ ಎಂದು ಅವನೇ ತಿದ್ದಿಕೊಳ್ಳುತ್ತಾನೆ. ಸಾವು ಕೂಡ ನಿರೂಪಕನ ನಾಲಗೆ ತಪ್ಪಿದ್ದು ಅಷ್ಟೇ. ಆ ದನಿಯಲ್ಲಿ ಜಂಬ ಇತ್ತು, ನಾಚಿಕೆ ಇತ್ತು, ಫರಾ ಮೇಲಿನ ಹುಸಿಮುನಿಸು ಇತ್ತು. ಎರಡನೆಯದರಲ್ಲಿ ಫರಾ ಜೊತೆಗಿಲ್ಲ, ಕೇಳುವವರೂ ಇಲ್ಲ. ಮಾತೆಲ್ಲ ಬೆದರಿಕೆ, ಬೈಗುಳ. ವೇಷ ಭರ್ಜರಿ, ಕುಣಿತ ಮೊದಲಿಗಿಂತ ಚೆನ್ನ, ಆದರೆ ಭಾಗವತರೇ ಇಲ್ಲದ ಯಕ್ಷಗಾನ. ಅವನು ಒಳಗೆ ಎಷ್ಟು ಒಂಟಿ ಎಂದು ಹೇಳಲು ಕಥೆಯಲ್ಲಿ ಜಾಗ ಬೇಕಾದಷ್ಟಿತ್ತು, ಬರೆದವರು ಅದನ್ನು ಕಿರುಚಾಟದಿಂದ ತುಂಬಿಸಿದರು. ಹಾಗಾಗಿ ಆಟಕ್ಕೆ ಬಂದ ಕೆಟ್ಟ ಹೆಸರಿನಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ, ಆದರೆ ರಕ್ತಕ್ಕೂ ಗಿಟಾರಿಗೂ ಅಲ್ಲ, ಈ ಒಂದು ನಷ್ಟಕ್ಕೆ. ಮಾಡಿದವರಿಗೂ ಇದು ಅರ್ಥವಾಗಿರಬೇಕು. 2005ರ ‘ದಿ ಟೂ ಥ್ರೋನ್ಸ್’ನಲ್ಲಿ ಲೋವೆಂತಾಲ್ ಧ್ವನಿ ವಾಪಸ್ ಬಂತು, ಫರಾ ಬಂದಳು, ನಿರೂಪಣೆ ಬಂತು. ಸಿಟ್ಟಿನ ರಾಜಕುಮಾರನನ್ನು ‘ಡಾರ್ಕ್ ಪ್ರಿನ್ಸ್’ ಅಂತ ಬೇರೆ ಮಾಡಿ, ಇವನ ತಲೆಯೊಳಗೇ ಕೂರಿಸಿ ಇಬ್ಬರನ್ನೂ ವಾದಕ್ಕೆ ಬಿಟ್ಟರು.

ನಡುವಿನದನ್ನು ಹಾರಿಸಬಹುದೇ ಎನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹಾರಿಸಬಹುದು, ನಷ್ಟವಾಗುತ್ತದೆ. ಮೂರನೆಯದರ ಕಥೆ ಹೇಳುವವಳು ಕೈಲೀನಾ. ಅವಳು ಯಾರು, ರಾಜಕುಮಾರನ ಜೊತೆ ದೋಣಿಯಲ್ಲಿ ಯಾಕಿದ್ದಾಳೆ ಎಂದು ತಿಳಿಯದಿದ್ದರೆ ಮೊದಲ ಅರ್ಧ ಗಂಟೆ ತಲೆಬುಡ ತಿಳಿಯುವುದಿಲ್ಲ. ಡಾರ್ಕ್ ಪ್ರಿನ್ಸ್ ಎಲ್ಲಿಂದ ಬಂದ ಅನ್ನುವುದೂ ಅಷ್ಟೇ. ಇನ್ನೊಂದು ತೊಡಕಿದೆ. ‘ವಾರಿಯರ್ ವಿದಿನ್’ಗೆ ಎರಡು ಮುಕ್ತಾಯಗಳು. ಸುಮ್ಮನೆ ಆಡುತ್ತಾ ಹೋದವರಿಗೆ ಸಿಗುವುದು ಒಂದು, ಅದರಲ್ಲಿ ಕೈಲೀನಾ ಉಳಿಯುವುದಿಲ್ಲ. ದ್ವೀಪದಲ್ಲಿ ಬಲೆಗಳ ಹಿಂದೆ ಅಡಗಿರುವ ಆಯಸ್ಸು ಹೆಚ್ಚಿಸುವ ಒಂಬತ್ತು ವರಗಳನ್ನು ಪೂರ್ತಿ ಸಂಗ್ರಹಿಸಿದವರಿಗೆ ಮಾತ್ರ ನೀರಿನ ಖಡ್ಗ ಸಿಗುತ್ತದೆ, ಆಗ ದಹಾಕನ ಜೊತೆಗೇ ಕಾಳಗ, ಕೈಲೀನಾ ಬದುಕುತ್ತಾಳೆ. ಮೂರನೆಯ ಆಟ ಮುಂದುವರಿಯುವುದು ಈ ಎರಡನೆಯ ಮುಕ್ತಾಯದಿಂದ. ಒಂದನ್ನು ತಪ್ಪಿಸಿಕೊಂಡರೂ ಖಡ್ಗ ಇಲ್ಲ. ಈ ವಿಷಯದಲ್ಲಿ ಗೈಡ್ ನೋಡಿ ಆಡುವುದಕ್ಕೆ ನಾಚಿಕೆ ಬೇಡ.

ಮಗಳಿಗಾದರೆ ಎರಡು ದಾರಿ. ಒಂದು, 2010ರ ‘ದಿ ಫರ್ಗಾಟನ್ ಸ್ಯಾಂಡ್ಸ್’. ಕಥೆ ನಡೆಯುವುದು ಮೊದಲ ಎರಡು ಭಾಗಗಳ ನಡುವಿನ ವರ್ಷಗಳಲ್ಲಿ, ರಾಜಕುಮಾರನಿಗೆ ಹಳೆಯ ಧ್ವನಿಯೇ ಇದೆ, ರೇಟಿಂಗ್ ‘ಟೀನ್’. ನೀರನ್ನು ಗಾಳಿಯಲ್ಲೇ ಗಟ್ಟಿ ಮಾಡಿ ಕಂಬದಂತೆ ಹಿಡಿದು ಹಾರುವ ಭಾಗಗಳು ಬಹಳ ಚೆಂದ. ಕಥೆ ಸಪ್ಪೆ, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು, 2024ರ ‘ದಿ ಲಾಸ್ಟ್ ಕ್ರೌನ್’. ಇದರಲ್ಲಿ ಆ ರಾಜಕುಮಾರನೇ ಇಲ್ಲ, ಸರ್ಗೋನ್ ಎಂಬ ಯೋಧನ ಪ್ರತ್ಯೇಕ ಕಥೆ, ಪಕ್ಕದಿಂದ ನೋಡುವ ಆಟ. ಇದೂ ‘ಟೀನ್’, ಕಷ್ಟ ಮಾತ್ರ ಜಾಸ್ತಿ, ಹಟ ಇರುವ ಹುಡುಗಿಗೆ ಅದೇ ಸರಿಹೋಗಬಹುದು. ‘ದಿ ಟೂ ಥ್ರೋನ್ಸ್’ ಎರಡನೆಯದರಷ್ಟು ಒರಟಲ್ಲ, ಆದರೂ ರಕ್ತ, ಕೊಲೆ ಅಲ್ಲೂ ಇದೆ, ನೀವು ಮೊದಲು ಆಡಿ ನೋಡಿ ತೀರ್ಮಾನಿಸಿ. ‘ಸ್ಯಾಂಡ್ಸ್ ಆಫ್ ಟೈಮ್’ ಹೊಸ ರೂಪದಲ್ಲಿ ಬರುತ್ತದೆ ಎಂದು 2020ರಲ್ಲಿ ಪ್ರಕಟಿಸಿ, ಕೆಲಸವನ್ನು ಪುಣೆ, ಮುಂಬೈ ಸ್ಟುಡಿಯೋಗಳಿಗೆ ಕೊಟ್ಟಿದ್ದರು. ನಮ್ಮವರ ಕೈಗೆ ಬಂತಲ್ಲ ಎಂದು ಖುಷಿಪಟ್ಟವರಲ್ಲಿ ನಾನೂ ಒಬ್ಬ. 2022ರಲ್ಲಿ ಅದು ಮಾಂಟ್ರಿಯಲ್‌ಗೆ ಹೋಯಿತು. 2026ರಲ್ಲಿ ಅದನ್ನು ಕೈಬಿಟ್ಟೇಬಿಟ್ಟರು, ಆದ್ದರಿಂದ ಅದಕ್ಕಾಗಿ ಮಗಳಿಗೆ ‘ತಾಳು’ ಅನ್ನುವ ಪ್ರಶ್ನೆಯೇ ಇಲ್ಲ.

ನೀವು ಮಾತ್ರ ‘ವಾರಿಯರ್ ವಿದಿನ್’ ಪೂರ್ತಿ ಆಡಿ. ಅವಳು ಮಲಗಿದ ಮೇಲೆ ಆಡಿ, ಹೆಡ್‌ಫೋನ್ ಹಾಕಿಕೊಂಡು. ಆಟ ಮಾರುವ ಜಾಲತಾಣಗಳಾದ ಜಿಒಜಿಯಲ್ಲೂ ಸ್ಟೀಮ್‌ನಲ್ಲೂ ಸಿಗುತ್ತದೆ, ಹಳೆಯ ಆಟವಾದ್ದರಿಂದ ಸೇಲ್ ಬಂದಾಗ ಬೆಲೆ ಬಹಳ ಇಳಿಯುತ್ತದೆ. ಕಳ್ಳ ಕಾಪಿ ಬೇಡ, ವಿಡಿಯೋ ಇಲ್ಲದ್ದು ಮತ್ತೆ ಗಂಟು ಬಿದ್ದೀತು. ಈಗಿನ ಅಗಲ ಪರದೆಗೆ ಅದು ಒಗ್ಗುವುದಿಲ್ಲ, ಅಭಿಮಾನಿಗಳು ಮಾಡಿಟ್ಟಿರುವ ತಿದ್ದುಪಡಿಯ ಫೈಲ್ (ಪ್ಯಾಚ್) ಹಾಕಬೇಕಾಗುತ್ತದೆ. ಕಂಟ್ರೋಲರ್ ಮೊದಲ ಸಲಕ್ಕೇ ಸರಿಯಾಗಿ ಕೂರದೆ ಸತಾಯಿಸಬಹುದು. ಗುಂಡಿಗಳನ್ನು ಒಂದು ಸಂಜೆ ಕೂತು ಹೊಂದಿಸಿಕೊಳ್ಳಿ, ದಹಾಕನ ಓಟಕ್ಕೆ ಕೀಬೋರ್ಡಿಗಿಂತ ಅದು ಎಷ್ಟೋ ಮೇಲು.

ಸೇವ್ ಮಾಡಲು ಆಗುವುದು ನೀರಿನ ಕಾರಂಜಿಗಳ ಹತ್ತಿರ ಮಾತ್ರ. ಕಂಡ ಕಾರಂಜಿ ಯಾವುದನ್ನೂ ಬಿಡಬೇಡಿ. ಒಂದೇ ಸ್ಲಾಟಿನ ಮೇಲೆ ಮತ್ತೆ ಮತ್ತೆ ಬರೆಯಬೇಡಿ, ಸರದಿ ಮೇಲೆ ಮೂರು-ನಾಲ್ಕು ಇಟ್ಟುಕೊಳ್ಳಿ. ಆಗ ಬಗ್‌ನಿಂದ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಹಿಂದಿನದಕ್ಕೆ ಹೋಗಬಹುದು. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಕಥೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಮೊದಲು ಅದನ್ನು ಬದಲಾಯಿಸಿ, ಆಟ ಆಮೇಲೆ ಕೊಳ್ಳಿ.